ಮುರಿಯದ ರೊಟ್ಟಿ

ಆ ಕ್ರೈಸ್ತ ಸಭೆಯಲ್ಲಿ ಪವಿತ್ರ ರೊಟ್ಟಿ ಮುರಿಯುವುದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದರು. ಸಭೆ ಎಂದಕೂಡಲೇ ಗೋಪುರ, ಗಂಟೆ, ಬಣ್ಣದ ಗಾಜಿನ ಕಿಟಕಿ ಎಂದೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಹಿಟ್ಟಿನ ಗಿರಣಿಯ ಮೇಲೊಂದು ಉದ್ದನೆಯ ಹಾಲ್, ಹತ್ತಿ ಹೋಗಲು ಇಕ್ಕಟ್ಟಾದ ಮೆಟ್ಟಿಲು, ಮೆಟ್ಟಿಲ ತುಂಬ ಹಿಟ್ಟಿನ ಧೂಳು, ಮೂವತ್ತು ಚಿಲ್ಲರೆ ಜನ. ಪಾದ್ರಿ ಇಲ್ಲ, ಸಂಬಳದವರು ಇಲ್ಲ. ಜೀವನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಮುದುಕನೊಬ್ಬ ಸಭೆಯ ಹಿರಿಯ. ಅವನನ್ನು ಎಲ್ಲರೂ ಡ್ರೈವರಣ್ಣ ಎನ್ನುತ್ತಿದ್ದರು. ಭಾನುವಾರ ಹಾಡು, ಪ್ರಾರ್ಥನೆ, ಬೋಧನೆ ಎಲ್ಲ ಮುಗಿದ ಮೇಲೆ ಅವನು ಮೇಜಿನ ಹಿಂದೆ ನಿಂತು, ರೊಟ್ಟಿಯ ಮೇಲಿನ ಬಿಳಿ ಬಟ್ಟೆ ತೆಗೆದು ಕೇಳುತ್ತಿದ್ದ: “ಯಾರಿಗಾದ್ರೂ ಯಾರ ಮೇಲಾದ್ರೂ ಏನಾದ್ರೂ ಇದೆಯಾ?”

ಇದ್ದವರು ಎದ್ದು ನಿಂತು, ಯಾರ ಮೇಲೆ ಎಂದು ಹೇಳಬೇಕು. ಆಮೇಲೆ ಆ ಇಬ್ಬರೂ ಮೆಟ್ಟಿಲ ತಿರುವಿಗೆ ಹೋಗಿ ಮಾತಾಡಿಕೊಂಡು ಬರಬೇಕು. ಒಳಗಿರುವವರು ಅಷ್ಟು ಹೊತ್ತೂ ಹಾಡುತ್ತಿರಬೇಕು, ಹೊರಗಿನ ಮಾತು ಕಿವಿಗೆ ಬೀಳಬಾರದಲ್ಲ. ರಾಜಿಯಾದರೆ ರೊಟ್ಟಿ ಮುರಿದು ಎಲ್ಲರೂ ತಿನ್ನುವುದು, ಆಗದಿದ್ದರೆ ಬಟ್ಟೆ ಮುಚ್ಚಿ ಎಲ್ಲರೂ ಮನೆಗೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ತಿನ್ನುವ ಮಾತೇ ಇಲ್ಲ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಸುಮ್ಮನೆ ಕೂತು ಆ ರೊಟ್ಟಿಗೆ ಕೈಚಾಚುವುದು ಎಲ್ಲ ಪಾಪಕ್ಕಿಂತ ದೊಡ್ಡ ಪಾಪ ಎಂದು ಅವರು ತಮ್ಮ ಮಕ್ಕಳಿಗೆ ಅಕ್ಷರ ಬರುವ ಮುಂಚೆಯೇ ಕಲಿಸುತ್ತಿದ್ದರು. ಬಹಳ ವರ್ಷ ಇದು ಚೆನ್ನಾಗಿಯೇ ನಡೆಯಿತು. ಎದ್ದು ನಿಂತವರ ದೂರುಗಳನ್ನು ಕೇಳಿದರೆ ದೇವರಿಗೂ ನಗು ಬರಬೇಕು: ನನ್ನ ರಾಗವನ್ನು ಆಡಿಕೊಂಡಳು, ಕೊಡೆ ಒಯ್ದವನು ವಾಪಸ್ ಕೊಡಲಿಲ್ಲ, ನನ್ನನ್ನು ಕಂಡೂ ಕಾಣದ ಹಾಗೆ ರಸ್ತೆ ದಾಟಿದ. ತಿರುವಿಗೆ ಹೋಗುತ್ತಿದ್ದರು, ಮೂಗು ಒರೆಸಿಕೊಂಡು ವಾಪಸ್ ಬರುತ್ತಿದ್ದರು.

ಆಮೇಲೆ ಬೆಂಚುಗಳ ಪ್ರಸಂಗ ಬಂತು.

ಹಾಲಿನ ಬೆಂಚುಗಳನ್ನು ಮಾಡಿದವನು ಸಭೆಯ ಬಡಗಿ. ಹರೆಯದಲ್ಲಿ, ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಕೂತು ಉಳಿ ಹಿಡಿದು ಮಾಡಿದ್ದ. ಒಂದು ಮೊಳೆಯನ್ನೂ ಹೊಡೆಯದೆ ಬರೀ ಕೂಡಿಕೆಯಲ್ಲೇ ನಿಲ್ಲಿಸಿದ ಬೆಂಚುಗಳು. ಆ ಮಾತನ್ನು ಅವನು ಹೊಸದಾಗಿ ಬಂದವರಿಗೆಲ್ಲ ಒಮ್ಮೆಯಾದರೂ ಹೇಳದೆ ಬಿಟ್ಟವನಲ್ಲ. ಒಂದು ದಿನ ಒಂದು ಬೆಂಚಿನ ಕಾಲು ಕಳಚಿ, ಮೇಲೆ ಕೂತಿದ್ದ ಬಸುರಿ ಹೆಂಗಸು ನೆಲಕ್ಕೆ ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಹಾಲಿನ ದೀಪ, ಫ್ಯಾನು ಎಲ್ಲ ನೋಡಿಕೊಳ್ಳುತ್ತಿದ್ದ ವೈರ್‌ಮನ್‌ಗೆ ನಿದ್ದೆ ಬರಲಿಲ್ಲ. ಬಡಗಿ ಪರವೂರಿನ ಕೆಲಸಕ್ಕೆ ಹೋಗಿದ್ದ ವಾರದಲ್ಲೇ ಅವನು ಎಲ್ಲಿಂದಲೋ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಜೋಡಿಸಿದ, ಬೆಂಚುಗಳನ್ನು ಟೆರೇಸಿಗೆ ಹೊತ್ತು ಹಾಕಿಸಿದ. ಮೇಲೆ ಏನಾದರೂ ಹೊದಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ತಂತಿಯಾಗಿದ್ದರೆ ಹೊಳೆಯುತ್ತಿತ್ತೋ ಏನೋ. ಮಳೆ ಬಂತು, ಮರ ಉಬ್ಬಿತು, ಕೂಡಿಕೆಗಳೆಲ್ಲ ಬಾಯಿ ಬಿಟ್ಟವು.

ಬಡಗಿ ವಾಪಸ್ ಬಂದ ಭಾನುವಾರ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತ. ಪ್ರಶ್ನೆ ಕೇಳಿದಾಗ ಎದ್ದು, ತನಗೆ ತನ್ನ ತಂಗಿಯ ಗಂಡನ ಮೇಲೆ ಇದೆ ಎಂದ. ವೈರ್‌ಮನ್ ಆ ತಂಗಿಯ ಗಂಡ. ಇಬ್ಬರೂ ತಿರುವಿಗೆ ಹೋದರು. ಒಳಗಿನವರು ಗೊತ್ತಿದ್ದ ಹಾಡನ್ನೆಲ್ಲ ಹಾಡಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಇಬ್ಬರೂ ಮುಖ ಗಂಟು ಹಾಕಿಕೊಂಡೇ ಒಳಗೆ ಬಂದರು. ಆ ದಿನ ರೊಟ್ಟಿ ಮುರಿಯಲಿಲ್ಲ.

ಮುಂದಿನ ವಾರ ಬಡಗಿಯ ಸಿಟ್ಟು ಸ್ವಲ್ಪ ಇಳಿದಿತ್ತಂತೆ, ಆದರೆ ಅಷ್ಟರಲ್ಲಿ ಅವನು ಯಾರ ಮುಂದೆಯೋ ಆಡಿದ ಚುಚ್ಚುಮಾತು ವೈರ್‌ಮನ್‌ನ ಕಿವಿಗೆ ಬಿದ್ದಿತ್ತು. ಈ ಸಲ ವೈರ್‌ಮನ್ ಎದ್ದ. ಅದರ ಮುಂದಿನ ವಾರ ಬಡಗಿ. ಒಬ್ಬ ಕೂತರೆ ಇನ್ನೊಬ್ಬ ಏಳುವುದೇ ಪದ್ಧತಿಯಾಗಿ ಹೋಯಿತು. ಬೇಸಿಗೆ ಕಳೆಯಿತು, ಮತ್ತೆ ಮಳೆಗಾಲ ಬಂತು. ಡ್ರೈವರಣ್ಣ ಪ್ರತಿ ಭಾನುವಾರ ಬೇಕರಿಯಿಂದ ಹೊಸ ರೊಟ್ಟಿ ತರುತ್ತಿದ್ದ, ಹಾಗೇ ಸುತ್ತಿ ಮನೆಗೆ ಒಯ್ಯುತ್ತಿದ್ದ. ಅದನ್ನು ಅವನ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ.

ಆ ತಂಗಿ ಟೈಲರಮ್ಮ. ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವವಳು. ಒಂದು ಕಡೆ ಒಡಹುಟ್ಟಿದ ಅಣ್ಣ, ಇನ್ನೊಂದು ಕಡೆ ಕಟ್ಟಿಕೊಂಡ ಗಂಡ, ನಡುವೆ ಇವಳು. ಅವಳ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಒಂದು ಮಂಚ. ಅದರ ಮೇಲೆ ಅವಳ ಅಮ್ಮ. ಹೊಟ್ಟೆಯೊಳಗಿನ ಗಡ್ಡೆಗೆ ಇನ್ನು ಮಾಡುವುದೇನೂ ಇಲ್ಲ ಎಂದು ಆಸ್ಪತ್ರೆಯವರು ಕೈಚೆಲ್ಲಿ ಕಳಿಸಿದ್ದರು. ಅಮ್ಮನಿಗೆ ಮೆಷಿನ್ನಿನ ಸದ್ದು ನಿಂತರೆ ಎಚ್ಚರವಾಗುತ್ತಿತ್ತು, ಹಾಗಾಗಿ ಬಟ್ಟೆ ಇಲ್ಲದಿದ್ದಾಗಲೂ ಟೈಲರಮ್ಮ ಹಳೇ ಚಿಂದಿಯ ಮೇಲೆ ಹೊಲಿಗೆ ಓಡಿಸುತ್ತಿದ್ದಳು.

ಅಮ್ಮ ಕೇಳಿದ್ದು ಒಂದೇ. ಸಾಯುವ ಮುಂಚೆ ಎಲ್ಲರ ಜೊತೆ ಆ ಮೇಜಿನಿಂದ ಒಂದು ಚೂರು ತಿನ್ನಬೇಕು. ಮೊಮ್ಮಕ್ಕಳ ಮದುವೆ ನೋಡಬೇಕು, ತೀರ್ಥಯಾತ್ರೆ ಮಾಡಬೇಕು ಎಂದೆಲ್ಲ ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಗುತ್ತಲೇ ಇವತ್ತು ಮುರಿದರಾ ಎಂದು ಕೇಳುತ್ತಿದ್ದಳು. ಇಲ್ಲ ಅನ್ನಬೇಕಾಗಿ ಬಂದಾಗಲೆಲ್ಲ ಟೈಲರಮ್ಮನಿಗೆ ತಾನೇ ಆ ರೊಟ್ಟಿಯನ್ನು ಕದ್ದುಕೊಂಡು ಬಂದಷ್ಟು ನಾಚಿಕೆಯಾಗುತ್ತಿತ್ತು. ಅಮ್ಮ ಹೂಂ ಎಂದು ಗೋಡೆಯ ಕಡೆ ತಿರುಗುತ್ತಿದ್ದಳು.

ತಡೆಯಲಾರದೆ ಒಂದು ದಿನ ಅವಳು ಡ್ರೈವರಣ್ಣನ ಮನೆಗೆ ಹೋಗಿ ಕೈಮುಗಿದಳು. ಮನೆಗೇ ಬಂದು ಅಮ್ಮನಿಗೆ ಒಂದು ಚೂರು ಕೊಟ್ಟುಹೋಗಿ, ಯಾರಿಗೂ ತಿಳಿಯಬೇಕಿಲ್ಲ ಎಂದು ಬೇಡಿದಳು. ಮುದುಕ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕಟ್ಟಳೆ ಮೀರಿದವನಲ್ಲ, ಬಸ್ಸು ಓಡಿಸುವಾಗಲೂ ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತವನು. ಆದರೂ ಬಂದ. ಮಂಚದ ಪಕ್ಕ ಕೂತು ಜೇಬಿನಿಂದ ಬಟ್ಟೆಯ ಗಂಟು ತೆಗೆದ. ಅಮ್ಮ ಅದನ್ನು ನೋಡಿದಳು, ಮಗಳನ್ನು ನೋಡಿದಳು.

“ಎಲ್ಲರೂ ಇಲ್ಲದ ಮೇಲೆ ಅದು ಬರೀ ರೊಟ್ಟಿ ಕಣೇ,” ಎಂದಳು. “ಅದಕ್ಕೆ ಬೇಕರಿ ಸಾಕು. ಡ್ರೈವರಣ್ಣನನ್ನ ಯಾಕೆ ಓಡಾಡಿಸ್ತೀಯ?”

ಡ್ರೈವರಣ್ಣ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಗಂಟನ್ನು ಜೇಬಿಗೆ ತುರುಕಿಕೊಂಡು ಎದ್ದು ಹೋದ.

ಆಮೇಲೆ ಟೈಲರಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅಣ್ಣನ ಕಾರ್ಖಾನೆಗೂ ತನ್ನ ಮನೆಗೂ ಅಲೆದಳು. ಗಂಡನಿಗೆ ಊಟ ಬಡಿಸುವಾಗ ಹೇಳಿದಳು, ಬೆಳಿಗ್ಗೆ ಏಳುವಾಗ ಹೇಳಿದಳು, ಅವನು ಸ್ಟೂಲಿನ ಮೇಲೆ ನಿಂತು ಯಾರದೋ ಮನೆಯ ಬಲ್ಬು ಸಿಕ್ಕಿಸುತ್ತಿದ್ದಾಗ ಅಲ್ಲಿಗೂ ಹೋಗಿ ಹೇಳಿದಳು. ಅವನು ಕೆಟ್ಟವನಲ್ಲ. ಅತ್ತೆಯ ಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದವನು. ಆದರೆ ಬಸುರಿ ಹೆಂಗಸು ಬಿದ್ದದ್ದನ್ನು ಕಣ್ಣಾರೆ ಕಂಡವನು ತಾನು, ಒಳ್ಳೆಯದು ಮಾಡಲು ಹೋಗಿ ಬೀದಿಯಲ್ಲಿ ಮರ್ಯಾದೆ ಕಳೆದುಕೊಂಡವನು ತಾನು, ಮೊದಲು ನಿಮ್ಮಣ್ಣ ಬಾಯಿಬಿಟ್ಟು ತಪ್ಪಾಯಿತು ಅನ್ನಲಿ ಎಂದ. ಅಷ್ಟು ಹೇಳಿ ಸ್ಕ್ರೂ ತಿರುಗಿಸತೊಡಗಿದ.

ಅಣ್ಣ ಹಲಗೆ ನಯಮಾಡಲು ರಂದಾ ಹೊಡೆಯುತ್ತಿದ್ದವನು ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

“ಅಮ್ಮನಿಗೋಸ್ಕರ ಒಂದು ಭಾನುವಾರ ಸುಮ್ನೆ ಕೂತ್ಕೋ ಅಣ್ಣ. ಒಂದೇ ಒಂದು.”

“ಮನಸ್ಸಲ್ಲಿ ಇಟ್ಕೊಂಡು ಕೂತ್ರೆ ಅದು ಸುಳ್ಳಲ್ವೇನೇ? ಅಮ್ಮನೇ ಕಲಿಸಿದ್ದು. ಈಗ ಅವಳ ಬಾಯಿಗೇ ಸುಳ್ಳಿನ ರೊಟ್ಟಿ ಹಾಕ್ಲಾ?”

ಹೊಟ್ಟೆಗೆ ಹಾಕಿಕೊಂಡರೆ ಮುಗಿಯಿತಲ್ಲ ಎಂದಳು. ಹಾಕಿಕೊಳ್ಳಲು ದಿನಾ ಮೊಣಕಾಲೂರಿ ಕೂರುತ್ತೇನೆ, ಆಗುತ್ತಿಲ್ಲ ಎಂದ ಅವನು. ಅವನು ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು, ಅದೇ ದೊಡ್ಡ ಕಷ್ಟ. ಸುಳ್ಳನಾಗಿದ್ದರೆ ಬೈದು ಬರಬಹುದಿತ್ತು.

ಅಷ್ಟರಲ್ಲಿ ಸಭೆಯೇ ಸವೆಯತೊಡಗಿತ್ತು. ಕೆಲವರು ರೈಲ್ವೆ ಗೇಟಿನಾಚೆಯ ದೊಡ್ಡ ಚರ್ಚಿಗೆ ಹೋಗತೊಡಗಿದರು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಸಾಲಿನಲ್ಲಿ ನಿಂತರೆ ಆಯಿತು. ಕೆಲವರು ಪ್ರಶ್ನೆಯನ್ನೇ ಬಿಟ್ಟುಬಿಡೋಣ ಎಂದರು. ಕೇಳದಿದ್ದರೆ ನಾವು ಯಾರು ಎಂದು ಡ್ರೈವರಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಬೆಂಚಿನ ಪಕ್ಷ, ಕುರ್ಚಿಯ ಪಕ್ಷ ಎಂದು ಎರಡಾಗಿ, ಬೆಂಚಿನ ಪಕ್ಷದವರು ನೆಲದ ಮೇಲೆ ಕೂರತೊಡಗಿದರು. ಎರಡೂ ಪಕ್ಷದವರು ಟೈಲರಮ್ಮನನ್ನು ಕಂಡಾಗ ಅಮ್ಮ ಹೇಗಿದ್ದಾರೆ ಎಂದು ಬಹಳ ಮರುಕದಿಂದ ವಿಚಾರಿಸುತ್ತಿದ್ದರು, ಪ್ರಾರ್ಥನೆ ಮಾಡುತ್ತೇವೆ ಎನ್ನುತ್ತಿದ್ದರು. ಒಬ್ಬರಾದರೂ ಆ ಇಬ್ಬರು ಗಂಡಸರ ಮುಂದೆ ನಿಂತು ಸಾಕು ಮಾಡಿ ಎನ್ನಲಿಲ್ಲ. ಇನ್ನೊಬ್ಬರ ಮನಸ್ಸಿನೊಳಗೆ ಕೈಹಾಕಲು ನಾವು ಯಾರು ಎಂಬುದು ಅವರ ಮಾತು. ಟೈಲರಮ್ಮ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಅವಳು ಯಾವತ್ತೂ ಎದ್ದು ನಿಂತವಳಲ್ಲ. ನಮ್ಮ ಟೈಲರಮ್ಮನ ಮನಸ್ಸು ಒಗೆದ ಬಟ್ಟೆ ಎಂದು ಹೆಂಗಸರು ಹೇಳುತ್ತಿದ್ದರು. ಕೇಳಿದಾಗ ಅವಳಿಗೂ ಒಳಗೊಳಗೇ ಖುಷಿಯಾಗುತ್ತಿತ್ತು.

ಒಂದು ಶನಿವಾರ ಅಮ್ಮ ತಾನೇ ಹಟಹಿಡಿದಳು. ನಾಳೆ ನನ್ನನ್ನು ಹೊತ್ತುಕೊಂಡು ಹೋಗಿ ಎಂದಳು. ನಾನು ಮುಂದೆ ಕೂತಿದ್ದರೆ ನಿಮ್ಮಣ್ಣನಿಗೆ ಹೊಟ್ಟೆಗೆ ಹಾಕಿಕೊಳ್ಳಲು ಆಗಬಹುದು ಎಂದಳು. ಸುದ್ದಿ ಹೋದದ್ದೇ ತಡ, ಬೆಳಿಗ್ಗೆ ಅಣ್ಣ ಬಂದ. ಅಮ್ಮನನ್ನು ಬೆನ್ನ ಮೇಲೆ ಹೊತ್ತು ಗಿರಣಿಯ ಮೆಟ್ಟಿಲು ಹತ್ತಿದ. ಹಿಂದಿನಿಂದ ಅವಳು ಜಾರದ ಹಾಗೆ ಹಿಡಿದುಕೊಂಡವನು ವೈರ್‌ಮನ್. ತಿರುವಿನಲ್ಲಿ ಮೈ ತಿರುಗಿಸಲಾಗದೆ ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಒತ್ತಿಕೊಂಡು ನಿಂತರು. ಕಾಲು ಇಲ್ಲಿಡು, ತಲೆ ಬಗ್ಗಿಸು ಎಂಬಷ್ಟು ಮಾತೂ ಆಯಿತು. ಕೆಳಗೆ ನಿಂತು ನೋಡುತ್ತಿದ್ದ ಟೈಲರಮ್ಮ ರಾಜಿ ಆಗಿಯೇ ಹೋಯಿತು ಎಂದುಕೊಂಡಳು.

ಅಮ್ಮನನ್ನು ದಿಂಬಿಟ್ಟು ಮುಂದೆ ಕೂರಿಸಿದರು. ಹಾಡಿದರು. ಡ್ರೈವರಣ್ಣ ಬಟ್ಟೆ ತೆಗೆದ, ಪ್ರಶ್ನೆ ಕೇಳಿದ. ವೈರ್‌ಮನ್ ತಲೆ ತಗ್ಗಿಸಿಕೊಂಡು ಕೂತೇ ಇದ್ದ. ಮುದುಕ ರೊಟ್ಟಿಗೆ ಕೈಹಾಕಿದ. ಆಗ ನೆಲದ ಮೇಲಿನಿಂದ ಬಡಗಿ ಎದ್ದ. ಗಂಡಸೊಬ್ಬ ಹಾಗೆ ಬಿಕ್ಕಿಬಿಕ್ಕಿ ಅಳುವುದನ್ನು ಆ ಹಾಲ್ ಕಂಡಿರಲಿಲ್ಲ.

“ಅಮ್ಮ, ಆಗ್ತಿಲ್ಲ ಅಮ್ಮ. ಕ್ಷಮಿಸು.”

ಅಮ್ಮ ತಲೆದೂಗಿದಳು. ಸುಳ್ಳು ಹೇಳಲಿಲ್ಲ ನನ್ನ ಮಗ ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಪಕ್ಕದಲ್ಲಿದ್ದವಳು ಟೈಲರಮ್ಮ. ಅವಳಿಗೆ ಆ ಕ್ಷಣ ಅಣ್ಣನ ಪ್ರಾಮಾಣಿಕತೆಯನ್ನು ಅವನ ಬಾಯಿಗೇ ತುರುಕಬೇಕೆನಿಸಿತು. ಹಾಗೆನಿಸಿದ್ದಕ್ಕೆ ಅವಳೇ ಹೆದರಿ, ಅಮ್ಮನ ಸೆರಗು ಸರಿಮಾಡತೊಡಗಿದಳು.

ಅದಾದ ಮೇಲೆ ಅಮ್ಮ ಮಂಚ ಬಿಟ್ಟು ಏಳಲಿಲ್ಲ. ಮೊದಲು ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯದಾಯಿತು, ಆಮೇಲೆ ಗಂಜಿ, ಆಮೇಲೆ ನೀರೂ ಚಮಚದಲ್ಲಿ. ಇನ್ನು ರೊಟ್ಟಿ ಮುರಿದರೂ ಅಮ್ಮನಿಗೆ ನುಂಗಲಾಗದು ಎಂದು ಟೈಲರಮ್ಮನಿಗೆ ಹೊಳೆದದ್ದು ಒಂದು ಮಧ್ಯಾಹ್ನ, ಅಂಗಿಯ ಕಾಲರು ತಿರುಗಿಸುತ್ತಿದ್ದಾಗ. ಅವಳು ಯಾರಿಗೂ ಹೇಳಲಿಲ್ಲ. ಭಾನುವಾರ ಮನೆಗೆ ಬಂದಾಗ ಅಮ್ಮ ಬಾಯಲ್ಲಿ ಕೇಳಲಾಗದೆ ಹುಬ್ಬು ಎತ್ತಿ ಕೇಳಿದಳು. ಟೈಲರಮ್ಮ ಇಲ್ಲ ಎಂದು ತಲೆಯಾಡಿಸಿದಳು. ಆ ವಾರವೇ ಅಮ್ಮ ಹೋದಳು. ಮೆಷಿನ್ ಓಡುತ್ತಲೇ ಇತ್ತು. ಮಗಳು ತಿರುಗಿ ನೋಡುವ ಹೊತ್ತಿಗೆ ಮುಗಿದಿತ್ತು.

ಸಮಾಧಿಯ ಹತ್ತಿರ ನಡೆದದ್ದನ್ನು ಇಡೀ ಸಭೆ ನೋಡಿತು. ಪೆಟ್ಟಿಗೆ ಮಾಡಿದವನು ಬಡಗಿಯೇ. ಕೆಳಗೆ ಇಳಿಸುವಾಗ ತಲೆಯ ಕಡೆಯ ಹಗ್ಗ ಅವನ ಕೈಯಲ್ಲಿ, ಎದುರಿಗೆ ವೈರ್‌ಮನ್. ವೈರ್‌ಮನ್‌ನ ಕಾಲು ಹಸಿಮಣ್ಣಿನಲ್ಲಿ ಜಾರಿತು. ಬಡಗಿ ಒಂದು ಕೈಯಲ್ಲಿ ಹಗ್ಗ ಹಿಡಿದೇ ಇನ್ನೊಂದು ಕೈಯಿಂದ ಅವನ ರಟ್ಟೆ ಹಿಡಿದ. ಅಷ್ಟೇ. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಇಬ್ಬರೂ ಒಬ್ಬರ ಕುತ್ತಿಗೆಗೆ ಒಬ್ಬರು ಬಿದ್ದು ಗೋಳೋ ಎಂದು ಅತ್ತರು. ಒಂದು ವರ್ಷ ಟೈಲರಮ್ಮ ಕಾಲುಹಿಡಿದು ಬೇಡಿದರೂ ಆಗದಿದ್ದದ್ದು ಒಂದು ಕಾಲು ಜಾರಿದ್ದಕ್ಕೆ ಆಗಿಹೋಯಿತು. ಜನರೆಲ್ಲ ಕಣ್ಣೊರೆಸಿಕೊಂಡರು. ಬದುಕಿದ್ದಾಗ ಆಗದ್ದನ್ನು ನಿಮ್ಮಮ್ಮ ಸತ್ತು ಮಾಡಿದಳು ನೋಡು ಎಂದು ಒಬ್ಬಾಕೆ ಟೈಲರಮ್ಮನನ್ನು ತಬ್ಬಿಕೊಂಡು ಹೇಳಿದಳು. ಟೈಲರಮ್ಮನ ಎರಡೂ ಕೈ ಜೋತುಬಿದ್ದೇ ಇದ್ದವು.

ಶನಿವಾರ ಅಣ್ಣನೂ ಗಂಡನೂ ಸೇರಿ ಟೆರೇಸಿನಿಂದ ಬೆಂಚುಗಳನ್ನು ಇಳಿಸಿದರು. ಬಾಯಿ ಬಿಟ್ಟ ಕೂಡಿಕೆಗಳಿಗೆ ಬಡಗಿ ಕೊನೆಗೂ ಮೊಳೆ ಹೊಡೆದ. ಮೊಳೆಯೆಂದರೆ ಮೈಮೇಲೆ ಬರುತ್ತಿದ್ದವನು ನೀನೇನಾ ಭಾವ ಎಂದು ವೈರ್‌ಮನ್ ತಮಾಷೆ ಮಾಡಿದ. ಇಬ್ಬರೂ ನಕ್ಕರು. ನೆಲ ಒರೆಸಲು ಬಂದಿದ್ದ ಟೈಲರಮ್ಮ ಮೆಟ್ಟಿಲಲ್ಲೇ ನಿಂತು ಆ ನಗುವನ್ನು ಕೇಳಿದಳು. ಇಷ್ಟು ಸುಲಭದ್ದಾಗಿತ್ತಾ ಎಂದುಕೊಂಡಳು. ಒಳಗೆ ಹೋಗದೆ ಬಕೆಟ್ಟನ್ನು ಅಲ್ಲೇ ಇಟ್ಟು ಮನೆಗೆ ಬಂದಳು.

ಭಾನುವಾರ ಹಾಲ್ ತುಂಬಿತು. ದೊಡ್ಡ ಚರ್ಚಿಗೆ ಹೋಗಿದ್ದವರೂ ನಾಚಿಕೊಂಡು ವಾಪಸ್ ಬಂದಿದ್ದರು. ಬೆಂಚಿನಲ್ಲಿ ಕೆಲವರು, ಕುರ್ಚಿಯಲ್ಲಿ ಕೆಲವರು, ಯಾರು ಯಾವ ಪಕ್ಷ ಎಂದು ಗೊತ್ತಾಗದ ಹಾಗೆ ಬೆರೆತು ಕೂತರು. ಹಾಡು ಎಷ್ಟು ಜೋರಾಗಿತ್ತೆಂದರೆ ಕಿಟಕಿಯ ಗಾಜು ಅದುರಿತು. ಟೈಲರಮ್ಮನೂ ಹಾಡಿದಳು. ಅವಳಿಗೂ ಈ ಗಳಿಗೆ ಬೇಕಾಗಿತ್ತು. ಅವಳಿಗೂ ಹಸಿವಾಗಿತ್ತು. ಡ್ರೈವರಣ್ಣ ಬಟ್ಟೆ ತೆಗೆದ.

“ಯಾರಿಗಾದ್ರೂ ಯಾರ ಮೇಲಾದ್ರೂ ಏನಾದ್ರೂ ಇದೆಯಾ?”

ಕೇಳಬೇಕಲ್ಲ ಎಂದು ಕೇಳಿದ್ದು. ಉತ್ತರಕ್ಕೆ ಕಾಯದೆ ಅವನು ಆಗಲೇ ಮುಗುಳ್ನಗುತ್ತಿದ್ದ. ಟೈಲರಮ್ಮ ತಾನು ಎದ್ದು ನಿಂತಿರುವುದನ್ನು ಕಂಡಳು.

ಯಾರಿಗೂ ಅರ್ಥವಾಗಲಿಲ್ಲ. ಸೊಂಟ ನೋವಿರಬೇಕು ಎಂದು ಹಿಂದಿನವಳೊಬ್ಬಳು ಅವಳ ಸೆರಗು ಹಿಡಿದು ಮೆಲ್ಲನೆ ಕೆಳಗೆ ಎಳೆದಳು. ಅವಳು ಕೂರಲಿಲ್ಲ.

“ಯಾರ ಮೇಲಮ್ಮ?” ಎಂದ ಡ್ರೈವರಣ್ಣ.

“ಎಲ್ಲರ ಮೇಲೂ.”

ಮುದುಕ ಮೇಜನ್ನು ಹಿಡಿದುಕೊಂಡ. ಒಂದು ವರ್ಷದ ಮೇಲೆ ಎಲ್ಲರೂ ಬಂದಿದ್ದಾರೆ, ಮಕ್ಕಳೂ ಇದ್ದಾರೆ, ಇವತ್ತೊಂದು ದಿನ ಕೂತುಬಿಡು ತಾಯಿ, ಸಂಜೆ ನಾನೇ ಮನೆಗೆ ಬಂದು ಮಾತಾಡುತ್ತೇನೆ ಎಂದು ಬೇಡಿದ. ಅವನ ಬಾಯಲ್ಲಿ ಆ ಮಾತು ಬಂದದ್ದು ಅವನಿಗೇ ಕೇಳಿಸಿತೇನೋ, ಅರ್ಧಕ್ಕೇ ನಿಲ್ಲಿಸಿದ. ಅಣ್ಣ ಬೆಂಚಿನಿಂದ ಅವಳ ಕಡೆ ತಿರುಗಿದ.

“ಅಮ್ಮನಿಗೋಸ್ಕರ ಕೂತ್ಕೊಳ್ಳೇ.”

“ಅಮ್ಮನಿಗೋಸ್ಕರ ನಿಮ್ಮಲ್ಲಿ ಯಾರು ಕೂತ್ರಿ ಅಣ್ಣ?”

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಗಂಡ ಮುಖ ಮುಚ್ಚಿಕೊಂಡ. ಕಟ್ಟಳೆಯ ಪ್ರಕಾರ ಈಗ ಇಬ್ಬರು ತಿರುವಿಗೆ ಹೋಗಬೇಕು. ಎಲ್ಲರ ಮೇಲೂ ಇದ್ದರೆ ಯಾರ ಜೊತೆ ಹೋಗಬೇಕು ಎಂಬುದಕ್ಕೆ ಕಟ್ಟಳೆಯಲ್ಲಿ ಜಾಗವಿರಲಿಲ್ಲ. ಯಾರಾದರೂ ಏಳುತ್ತಾರೆಂದು ಅವಳು ಸ್ವಲ್ಪ ಹೊತ್ತು ಕಾದಳು. ಅಣ್ಣ ಅವಳ ಗಂಡನ ಕಡೆ ನೋಡಿದ, ಗಂಡ ಡ್ರೈವರಣ್ಣನ ಕಡೆ ನೋಡಿದ. ಹೋಗಬೇಕಾದವರು ತಾವಲ್ಲ, ಇನ್ನೊಬ್ಬರು ಎಂದು ಪ್ರತಿಯೊಬ್ಬರೂ ಅಂದುಕೊಂಡ ಹಾಗಿತ್ತು. ಅವಳು ಒಬ್ಬಳೇ ಹೊರಗೆ ಹೋದಳು.

ತಿರುವಿನ ಮೆಟ್ಟಿಲ ಮೇಲೆ, ಹಿಟ್ಟಿನ ಧೂಳಿನಲ್ಲಿ ಕೂತಳು. ಒಳಗೆ ಹಾಡು ಶುರುವಾಯಿತು. ರಾಜಿಯಾಗಿ ಬರಲಿ ಎಂದು ಹಾಡುವ ಹಾಡು. ಅವಳು ಕಣ್ಣು ಮುಚ್ಚಿ ಪ್ರಯತ್ನಿಸಿದಳು. ನಿಜವಾಗಿ ಪ್ರಯತ್ನಿಸಿದಳು. ಒಬ್ಬೊಬ್ಬರ ಮುಖವನ್ನೂ ಮುಂದೆ ತಂದುಕೊಂಡು ಬಿಟ್ಟೆ, ನಿನ್ನನ್ನು ಬಿಟ್ಟುಬಿಟ್ಟೆ ಎಂದಳು. ಪ್ರತಿ ಮುಖದ ಹಿಂದೆಯೂ ಅಮ್ಮ ಹುಬ್ಬೆತ್ತಿ ಕೇಳುತ್ತಿದ್ದಳು. ಆಗುತ್ತಿಲ್ಲ ಎಂದು ಅಣ್ಣ ಅತ್ತದ್ದು ಏನೆಂದು ಅವಳಿಗೆ ಈಗ ತಿಳಿಯಿತು. ತಿಳಿದರೂ ಅದರಿಂದ ಅಣ್ಣನ ಮೇಲಿನ ಸಿಟ್ಟು ಕೂದಲಷ್ಟೂ ಇಳಿಯಲಿಲ್ಲ.

ಎರಡನೇ ಹಾಡು, ಮೂರನೆಯದು. ಒಬ್ಬರು ಬಂದು ಪಕ್ಕದಲ್ಲಿ ಕೂತು, ತಪ್ಪಾಯಿತು ಅಂದಿದ್ದರೂ ಸಾಕಿತ್ತು. ಯಾರಾದರೂ ಆಗಬಹುದಿತ್ತು, ಆ ಬಸುರಿ ಹೆಂಗಸಿನ ಪುಟ್ಟ ಮಗುವಾದರೂ. ಬಾಗಿಲು ಅಲ್ಲಾಡಲಿಲ್ಲ. ಅವರು ಕಟ್ಟಳೆಯಂತೆ ಹಾಡುತ್ತಿದ್ದರು, ಹೊರಗಿನ ಮಾತು ಕಿವಿಗೆ ಬೀಳದ ಹಾಗೆ. ಹೊರಗೆ ಮಾತೇ ಇರಲಿಲ್ಲ. ಕಡೆಗೆ ಹಾಡು ತೆಳುವಾಯಿತು, ಕೆಮ್ಮು ಕೇಳಿಸಿತು, ನಿಂತುಹೋಯಿತು.

ಇಳಿಯಲು ಇದ್ದದ್ದು ಅದೊಂದೇ ಮೆಟ್ಟಿಲು. ಅವರು ಒಬ್ಬೊಬ್ಬರಾಗಿ ಬಂದು, ಗೋಡೆಗೆ ಒತ್ತಿಕೊಂಡು, ಅವಳ ಮೈಗೆ ತಾಗದ ಹಾಗೆ ಕಾಲೆತ್ತಿ ದಾಟಿ ಕೆಳಗಿಳಿದರು. ಯಾರೂ ಬೈಯಲಿಲ್ಲ. ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ತಲೆ ಸರಿಸಿದಳು. ಗಂಡ ಮನೆಗೆ ಹೋಗೋಣ ಬಾ ಎಂದ, ಅವಳು ಏಳದಿದ್ದಾಗ ಬೀದಿಯಲ್ಲಿ ಕಾಯುತ್ತೇನೆಂದು ಇಳಿದುಹೋದ. ಕೊನೆಯಲ್ಲಿ ಡ್ರೈವರಣ್ಣ ಸುತ್ತಿದ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಅವಳ ಮುಂದೆ ನಿಂತ. ಮುಂದಿನ ವಾರ ತರಲೋ ಬೇಡವೋ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅವನು ಗೋಡೆ ಹಿಡಿದುಕೊಂಡು ಮೆಲ್ಲಗೆ ಇಳಿದ.